ಕಲ್ಯಾಣದ ಹೋಟೆಲಿನ ಹೊರಗಿನ ಕಟ್ಟೆ

ಸಾನಪಾಡಾ
೧೦ ಫೆಬ್ರವರಿ ೨೦೨೬, ಮಂಗಳವಾರ

ತಮ್ಮ ರಂಜನನಿಗೆ,

ಮೊನ್ನೆ ಭಾನುವಾರ, ಫೆಬ್ರವರಿ ಎಂಟರ ಬೆಳಿಗ್ಗೆ, ಹಳೆ ಕಲ್ಯಾಣದಲ್ಲಿ ನಮ್ಮ ಅಪ್ಪ ಕಟ್ಟಿದ ಹೋಟೆಲಿನ ಬಾಗಿಲಲ್ಲಿ ನಿಂತು ನೀನು ನನ್ನ ಜೊತೆ ಬಂದ ಮೂವರನ್ನು ಒಳಗೆ ಬಿಡಲಿಲ್ಲ. ಉಳಿದವರನ್ನೆಲ್ಲ ಒಳಕೋಣೆಯಲ್ಲಿ ಫ್ಯಾನಿನ ಕೆಳಗೆ ಕೂರಿಸಿ, ಊರಿನಿಂದ ರೈಲಿನಲ್ಲಿ ಬಂದ ಹಲಸಿನೆಲೆಯ ಕೊಟ್ಟೆ ಕಡುಬು ಬಡಿಸಿದೆ. ಆ ಮೂವರಿಗೆ ಬೀದಿಯ ಕಡೆಯ ಕಡಪಾ ಕಲ್ಲಿನ ಕಟ್ಟೆ ತೋರಿಸಿದೆ. ಅವರು ಅಲ್ಲಿ ನಿಂತು ತಿಂದರು. ನಿನ್ನನ್ನು ರಂಜು ಎಂದು ಕರೆಯಲು ಇವತ್ತು ಮನಸ್ಸು ಬರುತ್ತಿಲ್ಲ.

ಇದನ್ನು ವಾಟ್ಸಾಪಿನಲ್ಲಿ ಬರೆದಿದ್ದರೆ ನೀನು ಕೈಮುಗಿದ ಚಿತ್ರವೊಂದನ್ನು ಕಳಿಸಿ ಮುಗಿಸುತ್ತಿದ್ದೆ. ಫೋನು ಮಾಡಿದ್ದರೆ ಗಲ್ಲೆಯಲ್ಲಿ ರಷ್ಷಿದೆ ಎನ್ನುತ್ತಿದ್ದೆ. ಅದಕ್ಕೇ ಕಾಗದ. ನಿನ್ನ ಮಗಳು ದಿಶಾ ಬೇಲಾಪುರದ ಆಫೀಸಿನಿಂದ ಮರಳುವಾಗ ನನ್ನಲ್ಲಿಗೆ ಬರುತ್ತಾಳಲ್ಲ, ಅವಳ ಕೈಯಲ್ಲಿ ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸುವ ಅಗತ್ಯವೂ ಇಲ್ಲ. ಅವಳಿಗೆ ಕನ್ನಡ ಕೇಳಿದರೆ ತಿಳಿಯುತ್ತದೆ, ಓದಲು ಬರುವುದಿಲ್ಲ. ಅದು ನಮ್ಮ ಮನೆಯ ಇನ್ನೊಂದು ನಾಚಿಕೆ. ಇವತ್ತಿನದಲ್ಲ.

ಆ ಮೂವರು ಯಾರೆಂದು ನೀನು ಕೇಳಲಿಲ್ಲ. ಹೇಳುತ್ತೇನೆ. ಶಂಕ್ರೆಪ್ಪ ರಬಾಳೆಯ ಒಂದು ಗೋದಾಮಿನಲ್ಲಿ ಲೋಡಿಂಗ್ ಕೆಲಸದವನು, ಸಿಂದಗಿ ಕಡೆಯವನು. ಚಂದ್ರಬಾಯಿ ಅವನ ಹೆಂಡತಿ. ಮಗಳು ಕಾಂಚನಾ ಅಲ್ಲೇ ಔಷಧದ ಫ್ಯಾಕ್ಟರಿಯೊಂದರಲ್ಲಿ ಪ್ಯಾಕಿಂಗ್ ಮಾಡುತ್ತಾಳೆ, ಭಾನುವಾರ ನಾನು ನಡೆಸುವ ಕನ್ನಡ ಓದಿನ ತರಗತಿಗೆ ಬರುತ್ತಾಳೆ. ನಮ್ಮ ಸಂಘಕ್ಕೆ ನಲವತ್ತು ವರ್ಷವಾಯಿತು. ಬೋರ್ಡಿನ ಮೇಲೆ ಕನ್ನಡ ಸಂಘ, ಒಳಗೆ ಹೋದರೆ ಕರಾವಳಿಯ ನಾಲ್ಕು ಪೇಟೆಗಳ ಸಂಘ. ಇದೇ ನವಿಮುಂಬಯಿಯಲ್ಲಿ ಮೂಟೆ ಇಳಿಸುವ, ಸೆಂಟ್ರಿಂಗ್ ಕಟ್ಟುವ ಸಾವಿರಾರು ಕನ್ನಡದವರು ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ. ನಾನು ಎರಡು ವರ್ಷ ರಬಾಳೆಯ ಗಲ್ಲಿಗಳಲ್ಲಿ ಓಡಾಡಿ, ಈ ಸಂಘ ನಿಮ್ಮದೂ ಹೌದು ಎಂದು ಹೇಳಿ ಹೇಳಿ ಕರೆತಂದ ಮೊದಲ ಮನೆ ಇದು. ಇವರು ಏನು ಹೇಳುತ್ತಾರೆಂದು ಆ ಗಲ್ಲಿಯ ಉಳಿದ ಮನೆಗಳು ಕಾಯುತ್ತಿದ್ದವು. ಈಗ ಏನು ಹೇಳಿಯಾರು?

ಆ ಬೆಳಿಗ್ಗೆ ಎಷ್ಟು ಚೆನ್ನಾಗಿ ಶುರುವಾಗಿತ್ತು! ಹಳೆ ಕಲ್ಯಾಣದ ಪೇಟೆ ಸುತ್ತುವುದು, ಅಲ್ಲಿನ ಹಳೆಯ ಹೋಟೆಲುಗಳಲ್ಲಿ ತಿನ್ನುವುದು, ಇದು ನನ್ನದೇ ಯೋಚನೆ. ಸಂಘದ ಕಾರ್ಯದರ್ಶಿ ಶೈಲೇಶ್ ಅವರು ಕೂಡಲೇ ಒಪ್ಪಿದರು. ನಾವು ಸಾನಪಾಡಾದಲ್ಲಿ ರೈಲು ಹತ್ತಿದೆವು, ಈ ಮೂವರು ರಬಾಳೆಯಲ್ಲಿ. ಠಾಣೆಯಲ್ಲಿ ಗಾಡಿ ಬದಲಿಸುವಾಗ ಜನ ನಮ್ಮನ್ನು ಎತ್ತಿ ಒಳಗೆ ತುಂಬಿದರು. "ಬಾಯಾರ, ದಿನಾ ನಾ ಲೋಡ್ ಮಾಡ್ತೀನಿ, ರಜಾ ದಿನ ನನ್ನ ಲೋಡ್ ಮಾಡಾಕತ್ತಾರಲ್ರಿ" ಎಂದು ಶಂಕ್ರೆಪ್ಪ ಅಂದಾಗ ರೈಲಿನ ಡಬ್ಬಿಯೆಲ್ಲ ನಕ್ಕಿತು. ಮುಂದಿನ ಸಲ ಮೈಗೆ ಮಾಲಿನ ರಶೀದಿ ಹಚ್ಚಿಸಿಕೊಂಡು ಬನ್ನಿ ಎಂದು ಚಂದ್ರಬಾಯಿ ಗಂಡನ ಬೆನ್ನಿಗೆ ಗುದ್ದಿದಳು.

ಟಿಳಕ ಚೌಕದ ಹಳೆಯ ವಾಡೆಮನೆಗಳ ಮುಂದೆ ನಾನು ಭಾಷಣ ಮಾಡಿದೆ. ಕಾನ್ಹೇರಿಯ ಗುಹೆಗಳ ಶಾಸನದಲ್ಲಿ ಈ ಊರಿನ ವರ್ತಕರ ಹೆಸರಿದೆ, ಖಾಡಿಯ ಹಿನ್ನೀರಿನಲ್ಲಿ ಹಡಗು ನಿಲ್ಲುತ್ತಿದ್ದ ಕಾಲದಿಂದ ಇಲ್ಲಿ ಪರವೂರಿನವರು ಉಂಡಿದ್ದಾರೆ, ಅಂತೆಲ್ಲ. "ನಮ್ಮ ಕಡೀನೂ ಒಂದು ಕಲ್ಯಾಣ ಐತ್ರಿ" ಎಂದ ಶಂಕ್ರೆಪ್ಪ. ನನಗೆ ಅಷ್ಟೇ ಸಾಕಾಯಿತು. ಆ ಕಲ್ಯಾಣದಲ್ಲಿ ಶರಣರು ಒಂದೇ ಪಂಕ್ತಿಯಲ್ಲಿ ಕೂತು ಉಂಡದ್ದನ್ನು ಈ ಕಲ್ಯಾಣದ ಬೀದಿಯಲ್ಲಿ ನಿಂತು ವರ್ಣಿಸಿದೆ. ಕಾಂಚನಾ ಬಾಯಿ ತೆರೆದು ಕೇಳುತ್ತಿದ್ದಳು. ಅಲ್ಲಿಂದ ಒಂದು ಸಣ್ಣ ಮಿಸಳ್ ಅಂಗಡಿಗೆ ಹೋದೆವು. ಅಂಗಡಿಯ ಮುದುಕ ಯಾರು ಎಲ್ಲಿಯವರೆಂದು ಕೇಳಲಿಲ್ಲ. "ಬಸಾ, ಬಸಾ, ಸರಕೂನ್ ಬಸಾ" ಎಂದು ಸರಿಸಿ ಸರಿಸಿ ಕೂರಿಸಿದ. ನನ್ನ ಒಂದು ಪಕ್ಕ ಶೈಲೇಶ್ ಅವರು, ಇನ್ನೊಂದು ಪಕ್ಕ ಚಂದ್ರಬಾಯಿ. ಕಟ್ ಎನ್ನುವ ಆ ಕೆಂಪು ಸಾರು ಖಾರವಾಗಿ ಶೈಲೇಶ್ ಅವರ ಮೂಗು ಸೋರುತ್ತಿದ್ದರೆ ಚಂದ್ರಬಾಯಿ, "ಸಾಹೇಬ್ರ, ಇದು ಖಾರಲ್ರಿ, ಇದು ನಮ್ಮಲ್ಲಿ ಕೂಸಿಗೆ ಕೊಡೂದು" ಎಂದಳು.

ಆಮೇಲೆ ನಮ್ಮ ಹೋಟೆಲು.

ನೀನು ಬಾಗಿಲಲ್ಲಿ ನಿಂತಿದ್ದೆ. ನಮ್ಮ ಹೋಟೆಲಿನವರ ಹಳೆಯ ರೂಢಿಯಂತೆ ಒಬ್ಬೊಬ್ಬರನ್ನೂ ತುಳುವಿನಲ್ಲಿ ಕೇಳುತ್ತಿದ್ದೆ: "ಊರು ಓಲು?" ಊರು ಎಲ್ಲಿ ಎಂದು. ಕಟಪಾಡಿ, ಬಾ ಒಳಗೆ. ಮೂಲ್ಕಿ, ಓಹೋ, ಮೂಲ್ಕಿಯಲ್ಲಿ ಯಾರ ಮನೆ, ಬಾ ಬಾ. ಶಂಕ್ರೆಪ್ಪನ ಸರದಿ ಬಂದಾಗ ನಿನ್ನ ತುಳು ನಿಂತಿತು. ಎಲ್ಲಿಯವರು ಎಂದು ಕನ್ನಡದಲ್ಲಿ ಕೇಳಿದೆ. "ಸಿಂದಗಿ ಕಡೆಯವ್ರಿ" ಎಂದ. "ಹಾಂ ಹಾಂ. ನೀವು ಆ ಕಡೆ ಹೋಗಿ, ಅಲ್ಲಿ ಗಾಳಿ ಬರ್ತದೆ, ಆರಾಮ" ಎಂದೆ. ಬೈಯಲಿಲ್ಲ, ಗದರಲಿಲ್ಲ. ನಗುತ್ತ ಕೈ ತೋರಿಸಿದೆ. ಬೈದಿದ್ದರೆ ಅವರು ತಿರುಗಿ ಒಂದು ಮಾತಾದರೂ ಆಡಬಹುದಿತ್ತು.

ಹೊರಗಿನ ಸುದ್ದಿ ನನಗೆ ಗೊತ್ತಾದದ್ದು ಆಮೇಲೆ. ನಮ್ಮವರ ಕೈಯಲ್ಲಿ ಎಲೆಯ ಕೊಟ್ಟೆ ಕಂಡು, ಅದು ನಮಗಿಲ್ಲವೇ ಎಂದು ಚಂದ್ರಬಾಯಿ ಕೇಳಿದಳಂತೆ. ಅದು ಊರಿನವರಿಗೆ ಎಂದನಂತೆ ನಿನ್ನ ವೇಟರು. "ಯಪ್ಪಾ, ನಾವೇನ್ ಊರಿಲ್ಲದ ಮಂದಿ ಏನೋ?" ಎಂದಳಂತೆ. ತಿಂದ ಮೇಲೆ ತಾಟನ್ನು ಟಬ್ಬಿಗೆ ಹಾಕಿ ಎಂದು ಅವನು ಹೇಳಿದ. ಕಟ್ಟೆಯ ಗಿರಾಕಿಗಳು ತಮ್ಮ ತಾಟು ತಾವೇ ಹಾಕಬೇಕಂತೆ. ಶಂಕ್ರೆಪ್ಪ ಹಾಕಿದ, ಚಂದ್ರಬಾಯಿ ಹಾಕಿದಳು. ಕಾಂಚನಾ ತನ್ನದನ್ನು ಕಟ್ಟೆಯ ಮೇಲೆಯೇ ಬಿಟ್ಟು ಬಂದಳು. ಹಿಂದಿನಿಂದ ಅವನು ಕೂಗಿದ್ದು ಇಡೀ ಬೀದಿಗೆ ಕೇಳಿಸಿತು.

ಆಮೇಲೆ ಕಾಳಾ ತಲಾವ್ ಕೆರೆಯ ದಂಡೆಯಲ್ಲಿ ಕಾಂಚನಾ ಕಲ್ಯಾಣದ ಬಗ್ಗೆ ತಾನೇ ಕನ್ನಡದಲ್ಲಿ ಬರೆದದ್ದನ್ನು ಓದಬೇಕಿತ್ತು. ಒಂದು ತಿಂಗಳು ಅದನ್ನು ತಿದ್ದಿದ್ದಳು. ಗಂಟಲು ಕೂತಿದೆ ಎಂದಳು. ರಬಾಳೆಯಲ್ಲಿ ಇಳಿಯುವಾಗ ಯಾವತ್ತೂ ಬರ್ತೀನ್ರಿ ಬಾಯಾರ ಎನ್ನುತ್ತಿದ್ದವಳು ಸುಮ್ಮನೆ ಇಳಿದು ಹೋದಳು.

ರಂಜನಾ, ನನಗೆ ಎಲ್ಲ ನೆನಪಿದೆ. ಶಾಲೆ ಬಿಟ್ಟು ಬಂದು ಆ ಒಳಕೋಣೆಯಲ್ಲಿ ಕೂತು ಓದಿದವಳು ನಾನು. ಧಾನ್ಯದ ಪೇಟೆಯ ಹಮಾಲರು ಬೆವರು ಸುರಿಸುತ್ತ ಬಂದರೆ ಅಪ್ಪ ಗಲ್ಲೆಯಿಂದೆದ್ದು ತಾವೇ ಚಹಾ ಕೊಡುತ್ತಿದ್ದರು. ಅಂಥವರ ಫೋಟೋ ಗೋಡೆಗೆ ಹಾಕಿಕೊಂಡು ನೀನು ಮನುಷ್ಯರನ್ನು ಅವರ ಕನ್ನಡ ಕೇಳಿ ವಿಂಗಡಿಸುತ್ತೀಯಾ?

ಮಾರ್ಚ್ ಒಂದರ ಭಾನುವಾರ ಸಂಘದ ವಾರ್ಷಿಕ ಸಭೆ. ನೀನು ಬರಬೇಕು. ಮೈಕಿನ ಮುಂದೆ ನಿಂತು, ಎಲ್ಲರೂ ಕೇಳುವ ಹಾಗೆ, ಆ ದಿನ ಏಕೆ ಹಾಗೆ ಮಾಡಿದೆ ಎಂದು ಉತ್ತರ ಕೊಡಬೇಕು.

ನಿನ್ನ ಅಕ್ಕ
ವಿನೋದಾ

ಮರೆತ ಮಾತು: ಹೊರಡುವಾಗ ಕೊಟ್ಟೆ ಚೆನ್ನಾಗಿತ್ತು ಎಂದಿದ್ದೆ. ಆ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ.


ಕಲ್ಯಾಣ
೧೩-೨-೨೬

ವಿನೋದಕ್ಕಾ,

ನನಗೆ ನಿನ್ನ ಹಾಗೆ ಬರೆಯಲು ಬರುವುದಿಲ್ಲ. ನೀನು ಲೈಬ್ರರಿಯಲ್ಲಿ ಮೂವತ್ತು ವರ್ಷ ಕೂತವಳು, ನಾನು ಗಲ್ಲೆಯಲ್ಲಿ. ತಪ್ಪಿದ್ದರೆ ತಿದ್ದಿಕೊಂಡು ಓದು. ನೀನು ಹೇಗೂ ತಿದ್ದುತ್ತೀ.

ನಾನು ಮಾಡಿದ್ದು ತಪ್ಪು. ಅದನ್ನು ಮೊದಲೇ ಬರೆದುಬಿಡುತ್ತೇನೆ. ವೇಟರ್ ಕೂಗಿದ್ದಕ್ಕೂ ನಾನೇ ಜವಾಬ್ದಾರ. ಮಹಡಿಯ ಮೇಲೆ ಸ್ಲ್ಯಾಬಿನ ಕೆಲಸ ನಡೀತಾ ಇದೆ, ಅದರ ಜನ ಎಲ್ಲ ಆ ಕಡೆಯವರೇ, ಅವರು ದಿನಾ ಕಟ್ಟೆಯಲ್ಲೇ ತಿನ್ನುತ್ತಾರೆ. ಆ ಮಾತಿನ ಧಾಟಿ ಕಿವಿಗೆ ಬಿದ್ದರೆ ನನ್ನ ಕೈ ತಾನಾಗಿ ಆ ಕಡೆ ಹೋಗುತ್ತದೆ. ನಾನು ಯೋಚನೆ ಮಾಡಿ ಮಾಡಿದ್ದಲ್ಲ. ಯೋಚನೆ ಮಾಡದೆ ಮಾಡಿದ್ದು ಇನ್ನೂ ಕೆಟ್ಟದ್ದು ಎಂದು ನೀನು ಹೇಳುತ್ತೀ. ಹೇಳು.

ಆದರೆ ಕಟ್ಟೆ ನಾನು ಹಾಕಿಸಿದ್ದಲ್ಲ ಅಕ್ಕ. ಅಪ್ಪ ಹಾಕಿಸಿದ್ದು. ಹಮಾಲರು ಒಳಗೆ ಕೂತರೆ ಆಫೀಸಿನ ಗಿರಾಕಿ ಎದ್ದು ಹೋಗುತ್ತಾರೆಂದು ಕಡಪಾ ಕಲ್ಲು ತರಿಸಿ ಹಾಕಿಸಿದರು. ನೀನು ಬರೆದದ್ದು ಸುಳ್ಳಲ್ಲ. ಅಪ್ಪ ಎದ್ದು ಹೋಗಿ ತಾವೇ ಚಹಾ ಕೊಡುತ್ತಿದ್ದರು. ಹೊರಗೆ ಹೋಗಿ ಕೊಡುತ್ತಿದ್ದರು. ಅವರು ಒಳಗೆ ಬರಬಾರದು ಅಂತಲೇ ಎದ್ದು ಹೋಗುತ್ತಿದ್ದದ್ದು. ನಿನ್ನ ನೆನಪು ದೊಡ್ಡದು, ಆದರೆ ಅದು ಒಳಕೋಣೆಯಿಂದ ಕಂಡಷ್ಟೇ.

ಇನ್ನೊಂದು. ಹೊರಗಿನ ಸುದ್ದಿ ಆಮೇಲೆ ಗೊತ್ತಾಯಿತು ಅಂತ ಬರೆದಿದ್ದೀಯಲ್ಲ. ನೀನು ಕೂತದ್ದು ಅಪ್ಪನ ಫೋಟೋ ಕೆಳಗೆ, ಬಾಗಿಲಿಗೆ ಮುಖ ಮಾಡಿ. ಆ ಹುಡುಗಿ ಒಮ್ಮೆ ಒಳಗೆ ಇಣುಕಿದಳು. ನೀನು ನೋಡಿದೆ. ನಾನು ನಿನ್ನನ್ನೇ ನೋಡ್ತಾ ಇದ್ದೆ, ಈಗ ಅಕ್ಕ ಏನಾದರೂ ಹೇಳುತ್ತಾಳೆ, ಕರೆಯುತ್ತಾಳೆ, ಆಗ ಒಳಗೆ ತರೋಣ ಅಂತ. ನೀನು ಕೈ ಎತ್ತಿದೆ. ಚಟ್ನಿ ಕೇಳಿದೆ.

ಶನಿವಾರ ಸಂಜೆ ಫೋನಿನಲ್ಲಿ ಏನು ಹೇಳಿದ್ದೆ, ನೆನಪು ಮಾಡಿಕೋ. ಎಲ್ಲ ನೆನಪಿದೆ ಅಂತ ಬರೆದಿದ್ದೀಯಲ್ಲ, ಇದೂ ಇರಬೇಕು. "ರಂಜು, ಒಳಗೆ ನಮ್ಮವರಿಗೆಲ್ಲ ಜಾಗ ಇಡು, ಕೊಟ್ಟೆ ಅವರಿಗೆ ಕಮ್ಮಿ ಆಗಬಾರದು. ಬೇರೆಯವರು ಮೂರು ಜನ ಇದ್ದಾರೆ, ಪಾಪ, ಅವರಿಗೆ ಎಲ್ಲಾದರೂ ನಡೀತದೆ, ಅಡ್ಜಸ್ಟ್ ಮಾಡಿಕೊಳ್ಳುವವರು." ಇದು ನಿನ್ನ ಮಾತು. ನಮ್ಮವರು, ಬೇರೆಯವರು. ನಾನು ಬಾಗಿಲಲ್ಲಿ ಹುಡುಕುತ್ತಿದ್ದದ್ದು ಆ ಬೇರೆಯವರು ಯಾರು ಅಂತ. ನಿನ್ನ ಕಾಗದದಲ್ಲೂ ನೋಡು, ನಿನ್ನ ಮಗನ ವಯಸ್ಸಿನ ಶೈಲೇಶ 'ಅವರು', ಆ ಹಿರಿಯ ಶಂಕ್ರೆಪ್ಪ 'ಅವನು'.

ನೀನು ಕರೆದ ಸಭೆಗೆ ಬರುತ್ತೇನೆ. ಮೈಕಿನಲ್ಲಿ ಹೇಳುತ್ತೇನೆ. ಆದರೆ ಶನಿವಾರದ ಫೋನಿನ ಮಾತನ್ನೂ ಹೇಳುತ್ತೇನೆ. ಬೇಕಾ? ಬೇಡ ಅಂತಾದರೆ ಬರುವ ವಾರ ಸಾನಪಾಡಾಕ್ಕೆ ಬರುತ್ತೇನೆ, ಚಹಾ ಕುಡಿದು ಇಬ್ಬರೂ ಸುಮ್ಮನಾಗೋಣ. ನೀನು ಹೇಗೆ ಹೇಳುತ್ತೀಯೋ ಹಾಗೆ.

ರಂಜು


ಸಾನಪಾಡಾ
೧೭ ಫೆಬ್ರವರಿ ೨೦೨೬, ಮಂಗಳವಾರ

ಪ್ರೀತಿಯ ರಂಜು,

ಬೇಕು.

ಈ ಒಂದು ಶಬ್ದ ಬರೆಯಲು ನಾಲ್ಕು ದಿನ ಬೇಕಾಯಿತು. ನಿನ್ನ ಕಾಗದ ಓದಿದ ಕೂಡಲೇ ನನಗೆ ಬಂದ ಮೊದಲ ಯೋಚನೆ, ಬರುವ ವಾರ ನೀನು ಬಂದರೆ ಚಹಾದ ಜೊತೆಗೆ ಏನು ಮಾಡಲಿ ಎಂಬುದು. ಎರಡನೆಯದು, ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಎಲ್ಲಿದೆ ಎಂಬುದು. ಇಷ್ಟು ಪುಸ್ತಕ ಓದಿದವಳ ತಲೆ ಎಷ್ಟು ಚುರುಕಾಗಿ ಓಡಿತು ನೋಡು.

ಕಟ್ಟೆಯ ವಿಷಯಕ್ಕೆ ನಾನು ಎಷ್ಟು ಯೋಚಿಸಿದರೂ ಅಪ್ಪ ಅದನ್ನು ಹಾಕಿಸಿದ ದಿನ ನೆನಪಾಗಲಿಲ್ಲ. ಆದರೆ ಕಲ್ಲಿನ ತಂಪು ನೆನಪಿದೆ. ಬೇಸಿಗೆಯಲ್ಲಿ ಗಿರಾಕಿ ಇಲ್ಲದ ಹೊತ್ತು ಅದರ ಮೇಲೆ ಕೂತು ಕಾಲಾಡಿಸುತ್ತಿದ್ದೆ. ಯಾರಿಗಾಗಿ ಅದು ಅಲ್ಲಿದೆ ಎಂದು ಕೇಳಬೇಕೆಂದು ಒಮ್ಮೆಯೂ ಹೊಳೆಯಲಿಲ್ಲ. ಕಾಂಚನಾ ಇಣುಕಿದ್ದನ್ನು ನಾನು ನೋಡಿದ್ದು ನಿಜ. ಆಗ ಕಟಪಾಡಿಯವರಿಗೆ ಅಪ್ಪನ ದೊಡ್ಡತನ ಹೇಳುತ್ತಿದ್ದೆ. ಮಾತಿನ ನಡುವೆ ಎದ್ದರೆ ಕಥೆ ಕೆಡುತ್ತದೆ ಅನಿಸಿತು. ಇದಕ್ಕಿಂತ ಬೇರೆ ಕಾರಣ ಹುಡುಕಿದೆ, ಸಿಗಲಿಲ್ಲ.

ದಿಶಾ ಶುಕ್ರವಾರ ನಿನ್ನ ಕಾಗದ ಕೊಟ್ಟು, ಅಪ್ಪನೂ ಅತ್ತೆಯಾದ ಈ ಮಾಮಿಯೂ ಮುಖ ಊದಿಸಿಕೊಂಡು ಏನು ಬರೆದುಕೊಳ್ಳುತ್ತಿದ್ದೀರಿ, ಓದಿ ಹೇಳು ಎಂದು ಹಟ ಹಿಡಿದಳು. ನನ್ನ ಕಾಗದದ ಪ್ರತಿಯನ್ನು ದೊಡ್ಡ ದನಿಯಲ್ಲಿ ಓದಿದೆ. ನಿನ್ನದನ್ನು ಓದುವಾಗ ದನಿ ಇಳಿಯಿತು, ಫೋನಿನ ಭಾಗವನ್ನು ಹಾರಿಸಲು ಹೋದೆ. ಅವಳು ಹಿಡಿದುಬಿಟ್ಟಳು. "ಮಾಮಿ, ಬೀಚ್ ಮೇ ಕ್ಯಾ ಛೋಡಾ?" ನಡುವೆ ಏನು ಬಿಟ್ಟಿರಿ ಎಂದು. ಓದಿದೆ. ಅವಳು ಕಾಗದವನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಿಸಿದಳು. ಆಮೇಲೆ, "ಆಪ್ ಉಠೀ ಕ್ಯೂಂ ನಹೀ, ಮಾಮಿ?" ಎಂದಳು. ಏಕೆ ಏಳಲಿಲ್ಲ. ಅಷ್ಟೇ. ನಿನ್ನ ಮೇಲೆ ಸಿಟ್ಟು ಮಾಡಲಿಲ್ಲ, ಅದು ನನಗೆ ಇನ್ನೂ ಕಷ್ಟವಾಯಿತು.

ನಿನ್ನೆ, ಶಿವರಾತ್ರಿಯ ಮಾರನೆಯ ದಿನ, ರಬಾಳೆಗೆ ಹೋದೆ. ಕಾಂಚನಾಳ ಪಾಳಿ ಮುಗಿಯುವ ಹೊತ್ತು ನೋಡಿಕೊಂಡು ಹೋದದ್ದು. ಚಂದ್ರಬಾಯಿಯವರು ಬಾಗಿಲಲ್ಲೇ ನಿಂತು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಬರ್ರಿ ಬಾಯಾರ. ಒಳಗ ಕುಂದರ್ತೀರೋ, ಹೊರಗೋ? ನಮ್ಮದು ಒಂದ ಖೋಲಿ, ಎಲ್ಲಿ ಕುಂತರೂ ಒಂದ" ಎಂದರು. ನಗುತ್ತಲೇ ಹೇಳಿದ್ದು. ನೀನು ಬಾಗಿಲಲ್ಲಿ ನಕ್ಕ ಹಾಗಲ್ಲ, ಬೇರೆ ನಗು. ಹಿಂದಿನ ದಿನದ ಉಪವಾಸ ಬಿಟ್ಟು ಹೋಳಿಗೆ ಮಾಡಿದ್ದರು. ಬೇಡ ಎನ್ನದೆ ತಾಟು ಹಿಡಿದುಕೊಂಡು ಕೂತೆ. ಶಂಕ್ರೆಪ್ಪನವರು ತುಪ್ಪ ಹಾಕುತ್ತ, "ತಿನ್ರಿ, ಇಲ್ಲಿ ತಾಟು ಟಬ್ಬಿಗೆ ಹಾಕೂದಿಲ್ಲ" ಎಂದರು. ಆ ಮೇಲೆ ತಾವೇ ನೊಂದುಕೊಂಡು ಬೇರೆ ಮಾತು ತೆಗೆದರು.

ನಾನು ಹೇಳಿದೆ. ಫೋನಿನ ಮಾತು ಸಹಿತ, ಚಟ್ನಿ ಸಹಿತ. ಶಂಕ್ರೆಪ್ಪನವರು, "ಹೋಗ್ಲಿ ಬಿಡ್ರಿ, ದೊಡ್ಡ ಮಂದಿ, ಆಗ್ತೈತಿ" ಎಂದರು. ಚಂದ್ರಬಾಯಿಯವರು ಎದ್ದು ಹೋಳಿಗೆಯ ಬುಟ್ಟಿ ಮುಚ್ಚಿಟ್ಟರು. ಎರಡು ವರ್ಷ ನಾನು ಆ ಮನೆಯಲ್ಲಿ ಆಡಿದ್ದ ಮಾತೆಲ್ಲ ಅವರ ಕಿವಿಯಲ್ಲಿ ಈಗ ಹೇಗೆ ಕೇಳುತ್ತಿರಬಹುದು ಎಂದು ಯೋಚಿಸುತ್ತ ತಾಟನ್ನು ಕೆಳಗಿಟ್ಟೆ. ಕಾಂಚನಾ ಮಾತ್ರ ಬಿಡಲಿಲ್ಲ. ಕನ್ನಡ ಓದಲು ನಾನೇ ಕಲಿಸಿದೆನೆಂದು ನಾನು ಹೆಮ್ಮೆಪಡುತ್ತಿದ್ದ ಆ ಹುಡುಗಿ ಹೇಳಿದ್ದು ಇದು: "ಬಾಯಾರ, ನಮ್ಮನ್ನ ಹೊರಗ ನಿಲ್ಲಿಸಿದ್ದು ಎಲ್ಲಾರ ಮುಂದ. ಮಾಫಿ ಕೇಳೂದು ಮಾತ್ರ ನಮ್ಮ ಖೋಲ್ಯಾಗ ಏನ್ರಿ? ಹೇಳೂದಿದ್ರ ಅಲ್ಲೇ ಹೇಳ್ರಿ, ಅಲ್ಲಿದ್ದವರ ಮುಂದ."

ನಾನು ನಿನಗೆ ಕೇಳಿದ್ದನ್ನೇ ಅವಳು ನನಗೆ ಕೇಳಿದಳು. ನಾನು ಕೇಳುವಾಗ ಅದು ಎಷ್ಟು ಸುಲಭವಾಗಿತ್ತು!

ಆದ್ದರಿಂದ ರಂಜು, ಮಾರ್ಚ್ ಒಂದಕ್ಕೆ ಬಾ. ನೀನು ಬಾಗಿಲಲ್ಲಿ ಮಾಡಿದ್ದನ್ನು ನೀನು ಹೇಳು, ಹಿಂದಿನ ಸಂಜೆ ಮಾಡಿದ್ದನ್ನು ನಾನು ಹೇಳುತ್ತೇನೆ. ಒಳಗೆ ಕೂತು ಕೊಟ್ಟೆ ತಿಂದ ಉಳಿದವರೂ ಅಲ್ಲೇ ಇರುತ್ತಾರೆ. ಮಿಸಳ್ ಅಂಗಡಿಯಲ್ಲಿ ನಮ್ಮ ಭುಜಕ್ಕೆ ಭುಜ ತಾಗಿಸಿ ಕೂತಿದ್ದ ಮೂವರು ಅರ್ಧ ಗಂಟೆಯಲ್ಲಿ ಎಲ್ಲಿ ಹೋದರೆಂದು ಅವರಲ್ಲಿ ಒಬ್ಬರೂ ಕೇಳಲಿಲ್ಲವಲ್ಲ, ಅದಕ್ಕೆ ಅವರೂ ಉತ್ತರ ಕೊಡಲಿ. ಕಾಂಚನಾಳ ಮನೆಯವರು ಬರುತ್ತೇವೆ ಎಂದಿಲ್ಲ. ಬರುವುದಿಲ್ಲ ಎಂದೂ ಅಂದಿಲ್ಲ.

ನಿನ್ನ ಅಕ್ಕ,
ವಿನೋದಾ

ಮರೆತದ್ದಲ್ಲ, ಮುಚ್ಚಿಟ್ಟದ್ದು: ನನ್ನ ಮೊದಲ ಕಾಗದವನ್ನು ನಿನಗೆ ಕಳಿಸುವ ಮುಂಚೆಯೇ ಸಂಘದ ಮಾಸಪತ್ರಿಕೆಗೆ ಕೊಟ್ಟುಬಿಟ್ಟಿದ್ದೆ. ನನ್ನ ಕಡೆ ನ್ಯಾಯವಿದೆ ಎಂಬ ಧೈರ್ಯ ಅಷ್ಟಿತ್ತು. ಅದನ್ನು ವಾಪಸು ಕೇಳಲಿಲ್ಲ. ಇವತ್ತು ನಿನ್ನದನ್ನೂ ಒಯ್ದು, ಎರಡನ್ನೂ ಒಟ್ಟಿಗೆ ಹಾಕಿ ಎಂದೆ. ಪತ್ರಿಕೆಯನ್ನೂ ನೋಡಿಕೊಳ್ಳುವ ಶೈಲೇಶ ಎರಡು ಸಲ ಓದಿ, "ವಿನೋದಕ್ಕ, ನಿಮ್ಮದು ಭಾರಿ ಆಗಿದೆ, ಹಾಕ್ವ. ಇದು ಬೇಡ, ನಮ್ಮವರ ಮರ್ಯಾದೆ ಹೋಗ್ತದೆ" ಎಂದ. ಹಾಗಾಗಿ ನಿನ್ನ ಕಾಗದವನ್ನು ಇದರ ಜೊತೆ ನಿನಗೇ ಮರಳಿಸುತ್ತಿದ್ದೇನೆ. ಒಂದು ಅಕ್ಷರವನ್ನೂ ತಿದ್ದಿಲ್ಲ. ಮೈಕಿನ ಮುಂದೆ ನಿಂತು ಅದನ್ನೇ ಓದು, ಹಿಂದಿನ ಸಾಲಿನವರಿಗೂ ಕೇಳುವ ಹಾಗೆ ಓದು. ಓದಿ ಮುಗಿಸಿ, ಸಭೆಯನ್ನು ಕೇಳು: ನಮ್ಮವರು ಎಂದರೆ ಯಾರು? ಅವರು ಉತ್ತರ ಹೇಳುವವರೆಗೆ ಮೈಕು ಬಿಡಬೇಡ.